ನಮ್ಮ ಪ್ಲಾನಿಂಗ್ ಆಫೀಸಿಗೆ ಕಲರ್ ಲೇಸರ್ ಪ್ರಿಂಟರ್ ಆರಿಸಿದ್ದು ಹೀಗೆ

ತುಮಕೂರಿನ ಬಿ.ಎಚ್. ರಸ್ತೆಯ ನಮ್ಮ ಆಫೀಸಿನಲ್ಲಿ ಮನೆ ಪ್ಲಾನ್, ಲೇಔಟ್ ನಕ್ಷೆ, ಬ್ಯಾಂಕ್ ಸಾಲದ ಎಸ್ಟಿಮೇಟು ಅಂತ ಬೆಳಗಿಂದ ಸಂಜೆವರೆಗೂ ಪ್ರಿಂಟ್ ಓಡುತ್ತಲೇ ಇರುತ್ತದೆ. ಮಾಸ್ಟರ್ ಪ್ಲಾನ್‌ನಲ್ಲಿ ವಸತಿ ಹಳದಿ, ವಾಣಿಜ್ಯ ನೀಲಿ, ಕೈಗಾರಿಕೆ ನೇರಳೆ, ಪಾರ್ಕು ಹಸಿರು. ಹಾಗಾಗಿ ಬಣ್ಣವಿಲ್ಲದೆ ನಮ್ಮ ಕೆಲಸ ಸಾಗುವುದಿಲ್ಲ. ನಕ್ಷೆ ಸೈಟಿಗೂ ಹೋಗುತ್ತದೆ. ಅಲ್ಲಿ ಒದ್ದೆ ಕೈ ತಗುಲಿದರೆ ಸಾಮಾನ್ಯ ಇಂಕು ಹರಡುತ್ತದೆ, ಕಾಗದಕ್ಕೆ ಕರಗಿ ಅಂಟಿದ ಟೋನರ್, ಅಂದರೆ ಲೇಸರ್ ಪ್ರಿಂಟರಿನ ಬಣ್ಣದ ಪುಡಿ, ಹರಡುವುದಿಲ್ಲ. ಲೇಸರೇ ಬೇಕು ಅಂದದ್ದು ಅದಕ್ಕೆ.

ಮೊದಲು ನೋಡಿದ್ದು ಟೋನರ್ ಲೆಕ್ಕ. ಪ್ರಿಂಟರ್ ಬೆಲೆ ಆಮೇಲಿನ ಮಾತು. ಡಬ್ಬಿಯ ಮೇಲೆ ಬರೆದಿರುವ ಪುಟಗಳ ಸಂಖ್ಯೆ ಐಎಸ್‌ಒ 19798 ಎಂಬ ಪರೀಕ್ಷೆಯದು. ಅದರಲ್ಲಿ ಒಂದೊಂದು ಬಣ್ಣವೂ ಪುಟದ ಸುಮಾರು ಶೇ. 5ರಷ್ಟನ್ನು ಮಾತ್ರ ತುಂಬುತ್ತದೆ. ನಮ್ಮ ನಕ್ಷೆಯಲ್ಲಿ ಹಳದಿ ಒಂದೇ ಶೇ. 20 ತುಂಬಿದರೆ? ಉದಾಹರಣೆಗೆ ಹಳದಿ ಟೋನರ್ 6,000 ರೂಪಾಯಿ, ಇಳುವರಿ (ಅದು ಮುಗಿಯುವವರೆಗೆ ಬರುವ ಪುಟ) 2,000 ಅಂತಿಟ್ಟುಕೊಳ್ಳಿ. ಪುಟಕ್ಕೆ 3 ರೂಪಾಯಿ. ನಮ್ಮಲ್ಲಿ ಅದು 500 ಪುಟಕ್ಕೇ ಮುಗಿಯುತ್ತದೆ, ಅಲ್ಲಿಗೆ ಹಳದಿಯೊಂದಕ್ಕೇ ಪುಟಕ್ಕೆ 12 ರೂಪಾಯಿ! ದೊಡ್ಡ ಇಳುವರಿಯ ಟೋನರ್ ಸಿಗುವ ಮಾಡೆಲ್ ಬಿಟ್ಟು ಬೇರೆ ಯಾವುದನ್ನೂ ನಾನು ಪರಿಗಣಿಸಲಿಲ್ಲ. ಹೊಸ ಪ್ರಿಂಟರ್ ಜೊತೆ ಬರುವ ಟೋನರ್‌ನಲ್ಲಿ ಎಷ್ಟೋ ಸಲ ಪೂರ್ತಿ ಪುಡಿ ಇರುವುದಿಲ್ಲ, ಅದನ್ನೂ ಕೇಳಿಯೇ ಮಾತು ಮುಗಿಸಿದೆ. ತಿಂಗಳಿಗೆ ಎಷ್ಟು ಪುಟ ಅನ್ನುವಲ್ಲೂ ಹುಷಾರಾಗಿರಬೇಕು. 'ಡ್ಯೂಟಿ ಸೈಕಲ್' ಅಂದರೆ ಯಂತ್ರ ತಡೆಯುವ ಗರಿಷ್ಠ ಮಿತಿ. ದಿನನಿತ್ಯದ ಬಳಕೆಗೆ ನೋಡಬೇಕಾದದ್ದು ಅದಕ್ಕಿಂತ ತುಂಬಾ ಕಡಿಮೆ ಇರುವ 'ಶಿಫಾರಸು ಮಾಡಿದ' ಸಂಖ್ಯೆ.

ಅಂಗಡಿಯವರು ತೋರಿಸುವ ಹೂವಿನ ಚಿತ್ರದಿಂದ ಏನೂ ಗೊತ್ತಾಗುವುದಿಲ್ಲ. ನಾನು ನಮ್ಮದೇ ಪಿಡಿಎಫ್ ಮತ್ತು ನಾವು ಬಳಸುವ 75 ಜಿಎಸ್‌ಎಂ ಕಾಗದ ತೆಗೆದುಕೊಂಡು ಹೋದೆ. ಒಂದು ಲೇಔಟ್, ಇನ್ನೊಂದು ಚಕ್ಕುಬಂದಿ ವಿವರದ ಪುಟ. ಆ ಪುಟದಲ್ಲಿ 'ವಿಸ್ತೀರ್ಣ' ಎಂಬ ಪದವನ್ನು 8 ಪಾಯಿಂಟ್‌ನಲ್ಲಿ ಕಡು ನೀಲಿಯಲ್ಲಿ ಇಟ್ಟಿದ್ದೆ. ಕಡು ನೀಲಿ ಬರಲು ಒಂದಕ್ಕಿಂತ ಹೆಚ್ಚು ಟೋನರ್ ಒಂದರ ಮೇಲೊಂದು ಕೂರಬೇಕು. ಕೂದಲೆಳೆಯಷ್ಟು ಸರಿದರೂ ತ ಒತ್ತಿನ ಸುತ್ತ ಗುಲಾಬಿ ಅಂಚು ಕಾಣುತ್ತದೆ, ಅರ್ಕಾವತ್ತಿನ ಸುಳಿ ಮುಚ್ಚಿಹೋಗುತ್ತದೆ. ಭೂತಗನ್ನಡಿ ಹಿಡಿದು ನೋಡಿದೆ. ಬಣ್ಣಗಳನ್ನು ಸರಿಹೊಂದಿಸುವ ಕ್ಯಾಲಿಬ್ರೇಶನ್ ಮಾಡಿಸಿ ಮತ್ತೆ ತೆಗೆಸಿದಾಗಲೂ ಅಂಚು ಉಳಿದ ಮಾಡೆಲನ್ನು ಅಲ್ಲೇ ಬಿಟ್ಟೆ. ನಾವು ಜನರಿಗೆ ಕೊಡುವ ಕಾಗದ ಸರ್ವೆ ನಂಬರು, ಅಳತೆ ಇರುವಂಥದ್ದು. ಒಂದು ಅಕ್ಷರ ಮಸುಕಾದರೂ ಜನ ಮತ್ತೆ ಅಲೆಯಬೇಕಾಗುತ್ತದೆ.

ವೇಗದ ವಿಷಯ ಸರಳ: ಕಪ್ಪಿನ ವೇಗ ಮತ್ತು ಬಣ್ಣದ ವೇಗ ಒಂದೇ ಇದ್ದರೆ ನಾಲ್ಕೂ ಬಣ್ಣ (ಕಪ್ಪು, ಹಳದಿ, ತಿಳಿನೀಲಿ, ಗುಲಾಬಿ) ಒಂದೇ ಓಟದಲ್ಲಿ ಬೀಳುತ್ತವೆ. ಬಣ್ಣದ್ದು ಕಾಲು ಭಾಗ ಇದ್ದರೆ ನಾಲ್ಕು ಸುತ್ತು ಅಂತ ಅರ್ಥ, ಗಿಜಿಗುಡುವ ಆಫೀಸಿಗೆ ಅದು ಬೇಡ. ಎ3 ಕಲರ್ ಯಂತ್ರದ ಆಸೆಯನ್ನೂ ಬಿಟ್ಟೆ. ಬೆಲೆ ಸಿಕ್ಕಾಪಟ್ಟೆ ಏರುತ್ತದೆ, ದೊಡ್ಡ ಹಾಳೆಗೆ ಪ್ಲಾಟರ್ ಅಂಗಡಿಗಳು ಊರಲ್ಲೇ ಇವೆ. ಆದರೆ ಎ4ಗಿಂತ ಉದ್ದವಾದ ಲೀಗಲ್ ಅಳತೆಯ ಹಾಳೆಗೆ ಟ್ರೇ ಬೇಕೇ ಬೇಕು.

ಕರೆಂಟಿನದ್ದು ಇನ್ನೊಂದು ಚಿಂತೆ. ಟೋನರ್ ಕರಗಿಸಿ ಅಂಟಿಸುವ ಒಳಗಿನ ಫ್ಯೂಸರ್ ಬಿಸಿಯಾಗುವಾಗ ಲೇಸರ್ ಪ್ರಿಂಟರ್ ಒಮ್ಮೆಲೇ ಸಾವಿರ ವ್ಯಾಟ್ ಆಸುಪಾಸು ಎಳೆಯಬಲ್ಲದು. ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಚುಚ್ಚಿದರೆ ಯುಪಿಎಸ್ ಟ್ರಿಪ್ ಆಗುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ, ಗೋಡೆಯಿಂದಲೇ ಬೇರೆ ಪಾಯಿಂಟ್ ಕೊಡಿಸಿದೆ.

ಕೊನೆಗೆ ಡ್ರೈವರ್ ಸೆಟ್ಟಿಂಗ್. ಎಲ್ಲ ಕಂಪ್ಯೂಟರುಗಳಲ್ಲೂ ಡೀಫಾಲ್ಟ್ ಕಪ್ಪು-ಬಿಳುಪು, ಎರಡೂ ಬದಿ. ಬೂದು ಬಣ್ಣಕ್ಕೆ 'ಕಪ್ಪು ಟೋನರ್ ಮಾತ್ರ'. ಇಲ್ಲದಿದ್ದರೆ ಬೂದು ಗೆರೆಗೂ ಬಣ್ಣದ ಟೋನರ್ ಖರ್ಚಾಗುತ್ತದೆ. ಎಸ್ಟಿಮೇಟಿನ ಕಪ್ಪು ಪುಟಗಳಿಗೆ ಹಳೇ ಮೊನೊ ಲೇಸರ್ ಈಗಲೂ ಪಕ್ಕದಲ್ಲೇ ಓಡುತ್ತಿದೆ, ಅದನ್ನು ಮಾರುವ ಯೋಚನೆ ನನಗಿಲ್ಲ.