ಪ್ರವಾಸಿಗರು ಕಡಿಮೆಯಾದಾಗ ಮಲೆನಾಡಿನ ಹೋಂಸ್ಟೇ ಉಳಿಸಿಕೊಳ್ಳುವ ಬಗೆ

ಆರ್ಥಿಕ ಕುಸಿತದ ಕಾಲದಲ್ಲೂ ಜೋಗದ ಪಾರ್ಕಿಂಗ್ ಜಾಗ ಭಾನುವಾರ ತುಂಬಿಯೇ ಇರಬಹುದು. ಲೆಕ್ಕ ತಪ್ಪುವುದು ಅಲ್ಲೇ. ಕೈ ಬಿಗಿಯಾದವರು ತಿರುಗಾಟಕ್ಕಿಂತ ಮೊದಲು ಬಿಡುವುದು ರಾತ್ರಿ ತಂಗುವುದನ್ನು. ಪುಳಿಯೋಗರೆ ಕಟ್ಟಿಕೊಂಡು ಬಂದು, ಜಲಪಾತ ನೋಡಿ, ಸಂಜೆಗೆ ಹೊರಟುಬಿಡುತ್ತಾರೆ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಅಲ್ಲಿ ಹಿನ್ನೀರು ದಾಟಲು ಲಾಂಚಿಗೆ ಕಾಯುವುದೂ ತಪ್ಪಿತು, ಅದೇ ದಿನ ಮರಳುವುದು ಸುಲಭವಾಯಿತು. ಹಾಗಾಗಿ ರಸ್ತೆಯ ಮೇಲಿನ ಕಾರು ಎಣಿಸಬೇಡಿ. ತಿಂಗಳಿಗೆ ಎಷ್ಟು ಜನ ಎಷ್ಟು ರಾತ್ರಿ ಉಳಿದರೆಂದು ಪುಸ್ತಕದಲ್ಲಿ ಬರೆದಿಡಿ. ನಾಲ್ವರು ಎರಡು ರಾತ್ರಿ ಉಳಿದರೆ ಎಂಟು ತಂಗುರಾತ್ರಿ.

ಗಾಬರಿಯಲ್ಲಿ ಎಲ್ಲರೂ ಮೊದಲು ಮಾಡುವುದು ದರ ಇಳಿಸುವುದು. ಅದಕ್ಕೆ ಮುಂಚೆ ಈ ಲೆಕ್ಕ ಹಾಕಿ. ಸಂಬಳ, ಸಾಲದ ಕಂತು, ಕರೆಂಟು, ಇಂಟರ್ನೆಟ್ ಸೇರಿ ತಿಂಗಳಿಗೆ 48,000 ರೂಪಾಯಿ ಖರ್ಚು ಎಂದಿಟ್ಟುಕೊಳ್ಳಿ. ತಲೆಗೆ ಒಂದು ರಾತ್ರಿಗೆ 1,500 ರೂಪಾಯಿ ದರ. ಊಟ, ಗ್ಯಾಸ್, ಬಟ್ಟೆ ಒಗೆತಕ್ಕೆ 600 ಹೋಗಿ 900 ಉಳಿಯುತ್ತದೆ. ಖರ್ಚು ಹುಟ್ಟಲು ತಿಂಗಳಿಗೆ 54 ತಂಗುರಾತ್ರಿ ಬೇಕು. ದರ 1,200ಕ್ಕೆ ಇಳಿಸಿದರೆ ಉಳಿಯುವುದು 600, ಆಗ 80 ಬೇಕು. ಜನ ಕಡಿಮೆಯಾದ ಹೊತ್ತಲ್ಲಿ ಇನ್ನೂ 26 ಎಲ್ಲಿಂದ ತರುತ್ತೀರಿ? ವಾರಾಂತ್ಯದ ದರ ಮುಟ್ಟಬೇಡಿ. ಸೋಮವಾರದಿಂದ ಗುರುವಾರದವರೆಗೆ ಮಾತ್ರ, ಅದೂ ಎರಡನೇ ರಾತ್ರಿಗೆ ರಿಯಾಯಿತಿ ಕೊಡಿ. ಅದೇ ಅತಿಥಿ ಉಳಿದರೆ ಹೊದಿಕೆ ಒಗೆಯುವ ಖರ್ಚಾದರೂ ಉಳಿಯುತ್ತದೆ.

ಒಳ್ಳೆಯ ವರ್ಷ ನೋಡಿ ಸಾಲ ಮಾಡಿ ಹೊಸ ಕೋಣೆ ಕಟ್ಟುವವರು ಅಮೆರಿಕದ ಕಡಲತೀರದ ಅಟ್ಲಾಂಟಿಕ್ ಸಿಟಿಯನ್ನು ನೆನೆಯಬೇಕು. ರಜೆಗೆ ಬರುವವರನ್ನೇ ನಂಬಿ ಬೆಳೆದ ಊರು ಅದು. 1929ರ ಮೇ ತಿಂಗಳಲ್ಲಿ ಅಲ್ಲಿ ಭಾರಿ ಸಭಾಭವನ ಉದ್ಘಾಟನೆಯಾಯಿತು, ಅಕ್ಟೋಬರಿನಲ್ಲಿ ಷೇರುಪೇಟೆ ಕುಸಿಯಿತು. ನಮ್ಮ ಹೋಂಸ್ಟೇಗಳಿಗೆ ಇರುವ ಭಾಗ್ಯವೆಂದರೆ ಹಿಂದೆ ಅಡಿಕೆ ತೋಟವಿದೆ. ರಾಶಿ ಅಡಿಕೆಯ ದುಡ್ಡನ್ನು ಕೋಣೆಯ ನಷ್ಟಕ್ಕೆ ಸುರಿಯದೆ ಎರಡರ ಲೆಕ್ಕ ಬೇರೆ ಇಡಿ. ಕೊಯ್ಲಿನ ಕಾಲದಲ್ಲಿ ಅಡುಗೆಮನೆಯ ಸಹಾಯಕರಿಗೆ ಅಡಿಕೆ ಸುಲಿಯುವ ಕೆಲಸ ಕೊಟ್ಟರೆ ಅವರನ್ನು ಕಳೆದುಕೊಳ್ಳಬೇಕಾಗಿಲ್ಲ. ಕೈಪಳಗಿದ ಅಡುಗೆಯವರು ಒಮ್ಮೆ ಊರು ಬಿಟ್ಟರೆ ಮತ್ತೆ ಸಿಗುವುದು ಕಷ್ಟ.

ಉಳಿತಾಯದ ನಿಜವಾದ ದಾರಿ ಕೋಣೆ ಮುಚ್ಚುವುದು. ಆರರಲ್ಲಿ ಮೂರು ಸಾಕು. ಆದರೆ ಬೀಗ ಹಾಕಿ ಮರೆತರೆ ಮಲೆನಾಡಿನ ಮಳೆಗಾಲ ಒಂದೇ ವರ್ಷದಲ್ಲಿ ಕೋಣೆಯನ್ನು ತಿಂದುಹಾಕುತ್ತದೆ. ಮೇ ತಿಂಗಳಲ್ಲೇ ಹಾಸಿಗೆಗಳನ್ನು ಎರಡು ದಿನ ಬಿಸಿಲಿಗೆ ಹಾಕಿ, ಗೋಡೆಯಿಂದ ಒಂದು ಗೇಣು ದೂರ ನೆಟ್ಟಗೆ ನಿಲ್ಲಿಸಿ, ಹಳೆಯ ಹತ್ತಿ ಸೀರೆ ಹೊದಿಸಿ. ಪ್ಲಾಸ್ಟಿಕ್ ಸುತ್ತಿದರೆ ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ. ಬೀರು, ಮಂಚಗಳೂ ಗೋಡೆಗೆ ತಾಗಬಾರದು. ವರಲೆ ಏರಿದ್ದು ಕಾಣಬೇಕು. ಒಡೆದ ಹಂಚು ಬದಲಿಸಿ, ಸೂರಿನ ದೋಣಿಯ ಎಲೆಕಸ ತೆಗೆಸಿ. ಮಳೆ ಬಿಡುವು ಕೊಟ್ಟ ದಿನ ಕಿಟಕಿ ತೆರೆದು, ಫ್ಯಾನ್ ಅರ್ಧ ಗಂಟೆ ತಿರುಗಿಸಿ. ಹದಿನೈದು ದಿನಕ್ಕೊಮ್ಮೆ ಕಮೋಡಿಗೂ ಬಚ್ಚಲ ತೂಬಿಗೂ ನೀರು ಹಾಕಿ. ಅಲ್ಲಿ ನಿಂತ ನೀರು ಆರಿದರೆ ಗುಂಡಿಯ ವಾಸನೆ, ಜಿರಲೆ ಎರಡೂ ಮೇಲೆ ಬರುತ್ತವೆ. ಟಿವಿ, ಗೀಸರ್ ಪ್ಲಗ್ ಕಿತ್ತಿಡಿ, ಸಿಡಿಲಿನ ಭಯವಿದೆ. ಬಳಸದ ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ನೀರಿನ ಮಟ್ಟ ನೋಡಿ ತಿಂಗಳಿಗೊಮ್ಮೆ ಪೂರ್ತಿ ಚಾರ್ಜ್ ಮಾಡಿ. ಖಾಲಿಯಾಗಿಯೇ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಕಟ್ಟಿ ಅದು ಮತ್ತೆ ಏಳುವುದಿಲ್ಲ.

ಸಾಲವಿದ್ದರೆ ಕಂತು ತಪ್ಪುವ ಮುನ್ನವೇ ಬ್ಯಾಂಕಿಗೆ ಹೋಗಿ. ಬಾಕಿ 90 ದಿನ ದಾಟಿದರೆ ಖಾತೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ, ಆಮೇಲೆ ಮಾತುಕತೆ ಕಷ್ಟ. ಹಿಂದಿನ ವರ್ಷದ ಮತ್ತು ಈ ವರ್ಷದ ಅತಿಥಿ ಪುಸ್ತಕ ಎರಡನ್ನೂ ಒಯ್ದು, ಅವಧಿ ವಿಸ್ತರಿಸಿ ಕಂತು ಇಳಿಸಲು ಲಿಖಿತವಾಗಿ ಕೇಳಿ.

ಮುಚ್ಚಿದ ಕೋಣೆ ಮತ್ತೆ ತೆರೆಯುವಾಗ ಮೊದಲ ರಾತ್ರಿ ಮನೆಯವರೇ ಅಲ್ಲಿ ಮಲಗಿ. ದಿಂಬಿನ ಮುಗ್ಗಲು ವಾಸನೆ, ನಲ್ಲಿಯ ಕೆಂಪು ನೀರು, ಸೋರುವ ಮೂಲೆ ಎಲ್ಲವೂ ಬೆಳಗಾಗುವುದರೊಳಗೆ ಗೊತ್ತಾಗುತ್ತದೆ.