ಲ್ಯೂಬೆಕ್‌ನ ಇಟ್ಟಿಗೆ ಚರ್ಚಿನಲ್ಲಿ ಮೂರು ಗಂಟೆ

ಮೊದಲ ಸಲ ಉತ್ತರ ಜರ್ಮನಿಯ ಲ್ಯೂಬೆಕ್ ನಗರಕ್ಕೆ ಹೋದಾಗ ಸೇಂಟ್ ಮೇರಿ ಚರ್ಚನ್ನು ಇಪ್ಪತ್ತು ನಿಮಿಷದಲ್ಲಿ ನೋಡಿ ಮುಗಿಸಿದ್ದೆ. ಜೊತೆಗಿದ್ದವರಿಗೆ ಊಟದ ಹೊತ್ತಾಗಿತ್ತು. ಬಹಳ ಎತ್ತರವಾಗಿತ್ತು ಎಂಬುದೊಂದನ್ನು ಬಿಟ್ಟರೆ ಬೇರೇನೂ ನೆನಪಿನಲ್ಲಿ ಉಳಿಯಲಿಲ್ಲ. ಅದು ನನ್ನನ್ನು ಕೊರೆಯುತ್ತಲೇ ಇತ್ತು, ಏಕೆಂದರೆ ನಾನು ಮಣ್ಣು ಸುಡುವವರ ಮನೆಯ ಮಗಳು. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿಯ ದಂಡೆಯಲ್ಲಿ ಒಂದರ ಹಿಂದೊಂದು ಕಾರ್ಖಾನೆಗಳು ಎದ್ದವಲ್ಲ, ಅಂಥದೊಂದರಲ್ಲಿ ಅಪ್ಪ ಗೂಡಿನ ಕೆಲಸ ಮಾಡಿದವರು. ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೆ ಹಿಡಿದು, ಬೆಂದಿದೆಯೋ ಇಲ್ಲವೋ ಹೇಳುತ್ತಿದ್ದರು. ಹದವಾಗಿ ಬೆಂದದ್ದು ಠಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ಮಂಕಾಗಿ ಗೊಣಗುತ್ತದೆ.

ಎರಡನೆಯ ಸಲ ಹ್ಯಾಂಬರ್ಗಿನಿಂದ ಒಬ್ಬಳೇ ರೈಲು ಹತ್ತಿದೆ. ಮುಕ್ಕಾಲು ಗಂಟೆಯ ಹಾದಿ. ನಿಲ್ದಾಣದಿಂದ ನಡೆದೇ ಹೋಗಬಹುದು: ಹೋಲ್ಸ್ಟೆನ್ ಬಾಗಿಲು ದಾಟಿ, ಟ್ರಾವೆ ನದಿಯ ಸೇತುವೆ ದಾಟಿ, ಏರುದಾರಿ ಹಿಡಿದರೆ ಸಂತೆಚೌಕ ಬರುತ್ತದೆ. ಪುರಭವನದ ಹಿಂದೆಯೇ ಚರ್ಚಿನ ಜೋಡಿ ಗೋಪುರಗಳು, ಒಂದೊಂದೂ ಸುಮಾರು 125 ಮೀಟರ್. ಅಂದು ಭಾನುವಾರ, ಒಳಗೆ ಪ್ರಾರ್ಥನೆ ನಡೆಯುತ್ತಿತ್ತು. ಮೊದಲೇ ವಿಚಾರಿಸಿಕೊಳ್ಳದೆ ಬಂದದ್ದು ನನ್ನದೇ ತಪ್ಪು. ಹೀಗಾಗಿ ಒಂದು ಗಂಟೆ ಹೊರಗೇ ಸುತ್ತಿದೆ. ಈಗ ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ: ಬಾಗಿಲಿಗೆ ಹೋಗುವ ಮೊದಲು ಗೋಡೆಯನ್ನು ಒಂದು ಸುತ್ತು ಹಾಕಿ.

ಬಾಲ್ಟಿಕ್ ಸಮುದ್ರದ ಈ ಕರಾವಳಿಯಲ್ಲಿ ಕೆತ್ತಲು ಬರುವಂಥ ಕಲ್ಲು ಸಿಗುವುದಿಲ್ಲ. ಹಿಮಯುಗದಲ್ಲಿ ಹಿಮನದಿಗಳು ಉರುಳಿಸಿ ತಂದ ಗ್ರಾನೈಟ್ ಗುಂಡುಗಳಿವೆ, ಆದರೆ ಅವು ಉಳಿಗೆ ಬಗ್ಗುವಂಥವಲ್ಲ. ಇರುವುದು ಜೇಡಿಮಣ್ಣು. ಫ್ರಾನ್ಸಿನವರು ಸುಣ್ಣಕಲ್ಲಿನಲ್ಲಿ ಕಡೆದ, ಚೂಪು ಕಮಾನುಗಳ ಗಾಥಿಕ್ ರೂಪವನ್ನು ಇಲ್ಲಿನ ವರ್ತಕರು ಹದಿಮೂರು, ಹದಿನಾಲ್ಕನೆಯ ಶತಮಾನಗಳಲ್ಲಿ ಇಟ್ಟಿಗೆಯಲ್ಲಿ ಎಬ್ಬಿಸಿದರು. ಬಿಷಪ್ಪರ ಕೆಥೆಡ್ರಲ್ ಊರಿನ ದಕ್ಷಿಣ ತುದಿಯಲ್ಲಿದೆ. ಇದು ನಗರಸಭೆಯ ಮತ್ತು ವರ್ತಕರ ಚರ್ಚು, ಅದಕ್ಕಿಂತ ಸಣ್ಣದಾಗಲು ಅವರು ಬಿಡಲಿಲ್ಲ. ಆಮೇಲೆ ಬಾಲ್ಟಿಕ್ ತೀರದ ಎಷ್ಟೋ ಊರುಗಳು ಇದನ್ನೇ ನೋಡಿ ತಮ್ಮ ಚರ್ಚು ಕಟ್ಟಿಕೊಂಡವು.

ಗೋಡೆಯ ಬಳಿ ನಿಂತು ಒಂದು ಇಟ್ಟಿಗೆಯ ಮೇಲೆ ಅಂಗೈ ಇಟ್ಟೆ. ನಮ್ಮ ಇಟ್ಟಿಗೆಗಿಂತ ದೊಡ್ಡದು, ನನ್ನ ಗೇಣಿಗೂ ಮೀರಿದ ಉದ್ದ. ಒಂದರಂತೆ ಇನ್ನೊಂದಿಲ್ಲ: ಒಂದು ಕೆಂಪು, ಒಂದು ಬೆಂಕಿ ಹೆಚ್ಚಾಗಿ ನೇರಳೆಗೆ ತಿರುಗಿದ್ದು, ಒಂದರ ಮೈಯಲ್ಲಿ ಪುಟ್ಟ ಹರಳು. ಕಿಟಕಿಯ ಅಂಚಿನ ದುಂಡು ತಿರುವುಗಳು ಕೆತ್ತಿದವಲ್ಲ, ಹಸಿಮಣ್ಣನ್ನು ಅಚ್ಚಿಗೆ ಒತ್ತಿ, ಒಣಗಿಸಿ, ಸುಟ್ಟವು. ಒಣಗುವಾಗ ಒಂದಿಷ್ಟು, ಬೇಯುವಾಗ ಮತ್ತೊಂದಿಷ್ಟು ಮಣ್ಣು ಕುಗ್ಗುತ್ತದೆ. ಆ ಲೆಕ್ಕ ಹಿಡಿದು ಅಚ್ಚು ಮಾಡಿದವನ ಕೈಗೆ ನಮಸ್ಕಾರ ಹೇಳಬೇಕು ಎನಿಸಿತು. ಅಭ್ಯಾಸಬಲದಿಂದ ತಟ್ಟಿಯೂ ನೋಡಿದೆ. ಗೋಡೆಯಲ್ಲಿ ಕೂತ ಇಟ್ಟಿಗೆ ಸದ್ದು ಕೊಡುವುದಿಲ್ಲ.

ಹೊರಗಡೆ ಕಲ್ಲಿನ ಮೇಲೆ ಒಂದು ಕಂಚಿನ ದೆವ್ವ ಕೂತಿದೆ. ಹೆಂಡದಂಗಡಿ ಕಟ್ಟುತ್ತಿದ್ದಾರೆಂದು ನಂಬಿ ಸೈತಾನ ತಾನೂ ಕಲ್ಲು ಹೊತ್ತನಂತೆ. ಚರ್ಚೆಂದು ತಿಳಿದು ಕೆಡವಲು ಹೊರಟಾಗ, ಪಕ್ಕದಲ್ಲೇ ದ್ರಾಕ್ಷಾರಸದ ನೆಲಮಾಳಿಗೆ ಕಟ್ಟಿಕೊಡುತ್ತೇವೆಂದು ಊರವರು ಸಮಾಧಾನ ಮಾಡಿದರಂತೆ. ಮಕ್ಕಳು ಅದರ ಕೊಂಬು ಹಿಡಿದು ಹತ್ತುತ್ತಿದ್ದರು.

ಒಳಗೆ ಹೋಗುವಾಗ ಸ್ವೆಟರ್ ಇರಲಿ, ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಬೈನಾಕ್ಯುಲರ್ ಇದ್ದರೆ ಇನ್ನೂ ಒಳ್ಳೆಯದು. ನಡುಅಂಗಳದ ಕಮಾನು ಛಾವಣಿ 38.5 ಮೀಟರ್ ಎತ್ತರದಲ್ಲಿದೆ. ಇಟ್ಟಿಗೆಯ ಕಮಾನು ಛಾವಣಿಗಳಲ್ಲಿ ಜಗತ್ತಿನಲ್ಲೇ ಇದಕ್ಕಿಂತ ಎತ್ತರದ್ದಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು, ಒಂದು ಕಂಬದ ಬುಡದಿಂದ ಹೊರಟ ಗೆರೆ ಎಲ್ಲಿಗೆ ಹೋಗಿ ಯಾವ ಗೆರೆಯನ್ನು ಕೂಡುತ್ತದೆ ಎಂದು ಕಣ್ಣಿನಿಂದಲೇ ಹತ್ತಿದೆ. ಭಾರ ಹೇಗೆ ಇಳಿಯುತ್ತದೆಂದು ಆಗ ಅರ್ಥವಾಯಿತು. ಹೊರಗೆ ನೋಡಿದ್ದ ಆಸರೆ ಕಮಾನುಗಳ ಕೆಲಸ ಏನೆಂಬುದೂ ತಿಳಿಯಿತು.

ಸಂಗೀತ ರಚನಕಾರ ಬುಕ್ಸ್ಟೆಹ್ಯೂಡೆ ಇಲ್ಲಿ 1668ರಿಂದ 1707ರವರೆಗೆ ಆರ್ಗನ್ ನುಡಿಸಿದರು. ಅವರನ್ನು ಕೇಳಲು ಮುಂದೆ ಹೆಸರಾಂತ ಸಂಗೀತ ರಚನಕಾರನಾದ, ಆಗ ಇಪ್ಪತ್ತು ವರ್ಷದ ಬಾಖ್ 1705ರಲ್ಲಿ ಆರ್ನ್‌ಸ್ಟಾಟ್‌ನಿಂದ ಸುಮಾರು 400 ಕಿಲೋಮೀಟರ್ ನಡೆದು ಬಂದ. ನಾಲ್ಕು ವಾರದ ರಜೆ ಪಡೆದವನು ನಾಲ್ಕು ತಿಂಗಳ ಬಳಿಕ ಮರಳಿದ. ಸಂಗೀತ ಬಲ್ಲವರು ಈ ಜಾಗದಲ್ಲೇ ಹೆಚ್ಚು ಹೊತ್ತು ನಿಲ್ಲುತ್ತಾರೆ.

ನಾನು ನಿಂತದ್ದು ಗರ್ಭಗುಡಿಯ ಹಿಂದಿನ ಪ್ರದಕ್ಷಿಣೆಯ ಹಾದಿಯಲ್ಲಿ. ಅಲ್ಲಿ ಕ್ರಿಸ್ತನ ಕೊನೆಯ ಭೋಜನದ ಕಲ್ಲಿನ ಉಬ್ಬುಶಿಲ್ಪವಿದೆ. ಅದರ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಇಲಿ. ಮುಟ್ಟಿದರೆ ಅದೃಷ್ಟವೆಂಬ ನಂಬಿಕೆಯಿಂದ ಜನರು ಸವರಿ ಸವರಿ ಅದು ಕಪ್ಪಾಗಿ ಹೊಳೆಯುತ್ತಿದೆ. ನಮ್ಮೂರ ಗುಡಿಗಳಲ್ಲಿ ನಂದಿಯ ಬೆನ್ನು ನುಣುಪಾಗುವುದು ಹೀಗೆಯೇ. ನಾನೂ ಮುಟ್ಟಿದೆ.

ಕಡೆಗೆ ದಕ್ಷಿಣ ಗೋಪುರದ ಬುಡಕ್ಕೆ ಬಂದೆ. 1942ರ ಮಾರ್ಚ್ 28ರ ರಾತ್ರಿ, ಗರಿಗಳ ಭಾನುವಾರದ ಮುನ್ನಾದಿನ, ಬ್ರಿಟಿಷ್ ವಿಮಾನಗಳು ಹಳೆಯ ನಗರದ ಮೇಲೆ ಬಾಂಬು ಸುರಿದವು. ಗೋಪುರ ಹೊತ್ತಿ ಉರಿದು ದೊಡ್ಡ ಗಂಟೆಗಳು ಮೇಲಿನಿಂದ ಬಿದ್ದವು. ಬಿದ್ದಲ್ಲೇ ಇಂದಿಗೂ ಇವೆ. ನೆಲದ ಹಾಸು ಒಡೆದು ತಗ್ಗಾಗಿದೆ, ಕಂಚು ಅಲ್ಲಲ್ಲಿ ಕರಗಿ ಸುಕ್ಕುಗಟ್ಟಿದೆ, ಒಂದು ತುಂಡಿನ ಒಡೆದ ಅಂಚು ನನ್ನ ಅಂಗೈ ಅಗಲಕ್ಕಿಂತ ದಪ್ಪ. ಕಂಬಿಯಾಚೆ ನಿಂತವರು ಯಾರೂ ಮಾತನಾಡುತ್ತಿರಲಿಲ್ಲ. ನಾನು ಅಲ್ಲಿರುವಾಗಲೇ ತಲೆಯ ಮೇಲೆ, ಅದೇ ಗೋಪುರದಲ್ಲಿ, ಗಂಟೆ ಬಾರಿಸಿತು. ಯುದ್ಧದ ಬಳಿಕ ಅಲ್ಲಿ ಕೂರಿಸಿದ ಸ್ವರಗಂಟೆಗಳು ಡಾನ್ಜಿಗ್‌ನ (ಇಂದಿನ ಪೋಲೆಂಡಿನ ಗ್ಡಾನ್ಸ್ಕ್) ಚರ್ಚೊಂದರಿಂದ ಬಂದವು. ಪ್ರತಿಯೊಂದು ಪೆಟ್ಟೂ ಠಣ್ ಎಂದು ಬಿಡಿಬಿಡಿಯಾಗಿ ಕೇಳಿಸಿತು.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಇಟ್ಟಿಗೆಯ ಅಳತೆ, ಬಣ್ಣ, ಗಾರೆಯ ದಪ್ಪ ಎಲ್ಲ ಕೇಳಿ ತಿಳಿದುಕೊಂಡರು. ಒಡೆದ ಗಂಟೆಯನ್ನು ಕರಗಿಸಿ ಮತ್ತೆ ಎರಕ ಹೊಯ್ಯಲಿಲ್ಲವೇಕೆ ಎಂದರು. ಬೇಕೆಂದೇ ಹಾಗೆ ಬಿಟ್ಟಿದ್ದಾರಪ್ಪ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಅಂಚಿನ ಫೋಟೊ ಇದ್ದರೆ ಕಳುಹಿಸು ಮಗಳೇ” ಎಂದರು. ಇಟ್ಟಿಗೆಯ ಫೋಟೊ ನಲವತ್ತಿದ್ದವು, ಗಂಟೆಯದು ಒಂದೂ ಇರಲಿಲ್ಲ.