ಹಲ್ಲು ಕೂಡಿಸಿದ್ರ ಸಾಲೂದಿಲ್ಲ, ಇಡೂದು ಗೊತ್ತಿರಬೇಕು

ಎಂಡಿಎಸ್ (ಹಲ್ಲಿನ ಡಾಕ್ಟರಿಕಿ ಪಿಜಿ) ಥೀಸಿಸ್‌ಗೆ ನಂದು ಡೆಂಟಿನ್ (ಹಲ್ಲಿನ ಎನಾಮಲ್ ಕೆಳಗಿನ ಪದರ) ಮ್ಯಾಲೆ ಕಾಂಪೋಸಿಟ್, ಅಂದ್ರ ಹಲ್ಲಿನ ಬಣ್ಣದ ರೆಸಿನ್ ಫಿಲ್ಲಿಂಗ್, ಎಷ್ಟು ಗಟ್ಟಿ ಹಿಡಿತೈತಿ ಅನ್ನೂದು ಟಾಪಿಕ್. ಒಪ್ಪಿಗಿ, ಎಥಿಕ್ಸ್ ಎಲ್ಲಾ ಆದಮ್ಯಾಲೆ ವಿಜಯಪುರದಾಗ ನಾಕೈದು ಕ್ಲಿನಿಕ್ ಅಡ್ಡಾಡಿ, ಕ್ಲಿಪ್ ಹಾಕೂ ಮುಂಚೆ ಕೀಳೂ ಪ್ರೀಮೋಲಾರ್ (ಕೋರೆಹಲ್ಲಿನ ಹಿಂದಿನ ಸಣ್ಣ ದವಡೆ ಹಲ್ಲು) ಎತ್ತಿಡ್ರಿ ಸರ್ ಅಂತ ಹೇಳಿ ಬಂದೆ, ಆದ್ರ ಯಾವುದ್ರಾಗ ಇಡಬೇಕು ಅಂತ ಹೇಳ್ಲಿಲ್ಲ.

ಎರಡು ತಿಂಗಳ ಬಿಟ್ಟು ಹೋದ್ರ ಒಬ್ರು ಫಾರ್ಮಲಿನ್‌ನಾಗ, ಒಬ್ರು ಹೈಡ್ರೋಜನ್ ಪೆರಾಕ್ಸೈಡ್‌ನಾಗ, ಮತ್ತೊಬ್ರು ಸಲೈನ್‌ನಾಗ ಇಟ್ಟಿದ್ರು, ಇನ್ನೊಂದು ಕಡೆ ಹತ್ತಿಯಾಗ ಸುತ್ತಿ ಒಣಗಾನ ಇಟ್ಟಿದ್ರು, ಅದೂ ನಮ್ಮೂರ ಬ್ಯಾಸಗಿಯಾಗ. ತೊಳದ ಮ್ಯಾಲೆ ಎಲ್ಲಾ ಒಂದ ಥರ ಕಂಡ್ವು ಅಂತ ಒಂದ ಡಬ್ಬಿಗೆ ಹಾಕಿಬಿಟ್ಟೆ. ಪೈಲಟ್, ಅಂದ್ರ ಮೊದಲ ಸಣ್ಣ ಟೆಸ್ಟ್, ಮಾಡಿದ್ರ ಒಂದ ಗ್ರೂಪಿನಾಗ ರೀಡಿಂಗ್ ಒಂದಕ್ಕೊಂದು ತಾಳ ಇಲ್ಲ. ಗೈಡ್ ಮ್ಯಾಡಮ್ "ಇವು ಎಲ್ಲಿ, ಯಾವುದ್ರಾಗ ಇದ್ವು ಹೇಳವಾ?" ಅಂದ್ರು, ನನ್ನ ಹತ್ರ ಉತ್ತರ ಇರಲಿಲ್ಲ.

ಅವತ್ತ ಕುಂತು ಓದಿದೆ. ಆಸಿಡ್ ಎಚ್ ಮಾಡಿದ ಮ್ಯಾಲೆ (ಆಸಿಡ್ ಹಚ್ಚಿ ಡೆಂಟಿನ್ ಮ್ಯಾಲಿನ ಖನಿಜ ಕರಗಿಸಿದ ಮ್ಯಾಲೆ) ಅಂಟು ಹಿಡಿಯೂದು ಕೊಲಾಜನ್ ಅನ್ನೂ ಪ್ರೋಟೀನ್ ಎಳಿಗಳ ಬಲೆಯಾಗ, ಫಾರ್ಮಲಿನ್ ಅದ ಕೊಲಾಜನ್ನ ಬಿಗದು ಬ್ಯಾರೇನ ಮಾಡ್ತೈತಿ. ಪೆರಾಕ್ಸೈಡ್‌ನಿಂದ ಉಳಿದ ಆಕ್ಸಿಜನ್ ರೆಸಿನ್ ಸರಿಯಾಗಿ ಗಟ್ಟಿಯಾಗಾಕ ಬಿಡೂದಿಲ್ಲ. ಒಣಗಿದ ಹಲ್ಲಿನಾಗ ನೀರು ಹೋಗಿ ಸಣ್ಣ ಬಿರುಕು ಬಿದ್ದಿರ್ತಾವ, ಲೈಟ್ ಹಿಡದು ನೋಡಿದ್ರ ನಂಗೂ ಕಂಡ್ವು. ಅಂದ್ರ ನಾನು ಟೆಸ್ಟ್ ಮಾಡಿದ್ದು ಕಾಂಪೋಸಿಟ್ ಅಲ್ಲ, ಬಾಟ್ಲಿ.

ಎಲ್ಲಾ ಬಿಟ್ಟು ಹೊಸದಾಗಿ ಶುರು ಮಾಡಿದೆ. ಇಂಥಾ ಟೆಸ್ಟಿನ ಅಂತರರಾಷ್ಟ್ರೀಯ ಗೈಡ್‌ಲೈನ್ ಐಎಸ್ಒ 11405 ಹೇಳೂ ಕ್ಲೋರಮಿನ್-ಟಿ (ಕ್ರಿಮಿ ಬೆಳೀದಂಗ ತಡಿಯೂ ಕೆಮಿಕಲ್) ತಗೊಂಡು, ಒಂದು ಲೀಟರ್ ನೀರಿಗೆ 5 ಗ್ರಾಂ, ಅಂದ್ರ 0.5 ಪರ್ಸೆಂಟ್, ನಾನ ಕಲಸಿ ಬಾಟ್ಲಿಗೆ ತುಂಬಿ ಪ್ರತಿ ಕ್ಲಿನಿಕ್‌ಗೆ ಕೊಟ್ಟೆ. ಲೇಬಲ್ ಮ್ಯಾಲೆ ಕಿತ್ತ ತಾರೀಖು ಪೆನ್ಸಿಲ್‌ನಾಗ ಬರಿಬೇಕ್ರಿ, ಪೆನ್ನಿನ ಶಾಯಿ ನೀರು ಬಿದ್ದ ಕೂಡಲೆ ಹರಡ್ತೈತಿ. ರಕ್ತ, ಮಾಂಸ ಅಂಟಿದ್ದು ಕೀಳೂದ ತಡ ತೊಳೀಬೇಕು. ಆ ದ್ರಾವಣದಾಗ ಒಂದ ವಾರ, ಆಮ್ಯಾಲೆ ಡಿಸ್ಟಿಲ್ಡ್ ವಾಟರ್‌ನಾಗ 4 ಡಿಗ್ರಿ ಫ್ರಿಜ್ಜಿನಾಗ. ನೀರು ಎರಡು ತಿಂಗಳಿಗೊಮ್ಮೆ ಬದಲಿಸಿದ್ರ ನಡಿತೈತಿ ಅಂತಾರ, ನಾನು ವಾರಕ್ಕೊಮ್ಮೆ ಬದಲಿಸ್ತಿದ್ದೆ. ಕಿತ್ತು ಆರು ತಿಂಗಳ ದಾಟಿದ್ದು ಒಂದೂ ತಗೊಳ್ಲಿಲ್ಲ. ಕರೆಂಟ್ ಹೋಗೂದು ಇದ್ದಿದ್ದ, ಅದಕ ಐಸ್ ಪ್ಯಾಕ್ ತುಂಬಿ ಒಳಗ ಥರ್ಮಾಮೀಟರ್ ಇಟ್ಟಿದ್ದೆ.

ಹಳೇ ಹಲ್ಲು ಚೆಲ್ಲಲಿಲ್ಲ, ರೂಟ್ ಕೆನಾಲ್‌ಗೆ ದಾರಿ ತೆಗಿಯೂದು ಕಲೀಲಿ ಅಂತ ಬಿಡಿಎಸ್ ಹುಡುಗ್ರಿಗೆ ಕೊಟ್ಟೆ.